ಎರಡಂಕಣದ ಮಚವೆ

ಬೀಗರು ಮನೆಗೆ ಬರುವುದು ಬೇರೆ, ಮನೆ ನೋಡಲು ಬರುವುದು ಬೇರೆ. ಮೊದಲನೆಯದಕ್ಕೆ ಹೋಳಿಗೆ ಮಾಡಿ, ಮೇಲೆ ತುಪ್ಪ ಸುರಿದು, ಎಲೆ ಅಡಿಕೆ ಕೊಟ್ಟರೆ ಮುಗಿಯಿತು. ಎರಡನೆಯದಕ್ಕೆ ಮನೆಯೇ ಬೇಕಾಗುತ್ತದೆ. ಶಲವಡಿಯ ಬೀಗರು ಗುರುವಾರ ಮೊದಲ ಬಸ್ಸಿಗೆ ಬರುತ್ತೇವೆಂದು ಹೇಳಿಕಳಿಸಿದಂದಿನಿಂದ ದುಮ್ಮವಾಡದ ಶಿವಗಂಗವ್ವನಿಗೆ ಒಂದು ತುತ್ತೂ ನೆಟ್ಟಗೆ ಗಂಟಲಲ್ಲಿ ಇಳಿದಿರಲಿಲ್ಲ.

ಒಬ್ಬಳೇ ಮಗಳು ಕಸ್ತೂರೆವ್ವ ಚೊಚ್ಚಲ ಬಸುರಿ. ಏಳನೆಯ ತಿಂಗಳಲ್ಲಿ ಗಂಡ ಹೆಂಡತಿ ಇಬ್ಬರೂ ಶಲವಡಿಗೆ ಹೋಗಿ, ಮಗಳಿಗೆ ಹಸಿರು ಸೀರೆ ಉಡಿಸಿ, ಕುಬಸ ಮಾಡಿ ಬಂದಿದ್ದರು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು; ಅದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಅಂದು ಶಿವಗಂಗವ್ವ, “ಇನ್ನ ಹುಡುಗೀನ್ನ ಕರಕೊಂಡು ಹೋಗ್ತೀವ್ರಿ” ಎಂದು ಬಾಯಿ ಬಿಟ್ಟಾಗ ಬೀಗತಿ ಸಾವಿತ್ರೆವ್ವ ಸೆರಗು ಸರಿಮಾಡಿಕೊಂಡು, “ಅವಸರ ಏನೈತ್ರಿ ಯಕ್ಕಾ, ನಾವೊಮ್ಮೆ ಬಂದು ಜಾಗಾ ನೋಡಿ ಹೇಳ್ತೀವಿ” ಅಂದಿದ್ದಳು. ಮಾತು ಮೆತ್ತಗೇ ಇತ್ತು. ಆದರೂ ಶಿವಗಂಗವ್ವನಿಗೆ ನೆತ್ತಿಯ ಮೇಲೆ ಕುಕ್ಕಿದಂತಾಯಿತು.

ಸಾವಿತ್ರೆವ್ವನದು ತಪ್ಪೆಂದೂ ಹೇಳುವಂತಿಲ್ಲ. ಅವರು ಹೆಣ್ಣು ನೋಡಲು ಬಂದಾಗ ಕಂಡಿದ್ದು ಎಂಟಂಕಣದ ಮನೆ. ಪಡಸಾಲೆಯಲ್ಲಿ ಇಪ್ಪತ್ತು ಮಂದಿ ಕಾಲು ಚಾಚಿ ಕೂತಿದ್ದರು. ಮಗಳ ಮದುವೆಯಾದ ಮರುವರ್ಷವೇ ಶಿವಗಂಗವ್ವನ ಗಂಡ ಮಡಿವಾಳೆಪ್ಪನೂ ಅವನ ಅಣ್ಣ ಬಸವಣ್ಣೆಪ್ಪನೂ ಬೇರೆಯಾದರು. ಪಾಲು ಮಾಡಲು ಕೂತ ಹಿರಿಯರು, ಮಡಿವಾಳೆಪ್ಪ ಇಪ್ಪತ್ತು ವರ್ಷ ಊರಲ್ಲೇ ಇರಲಿಲ್ಲ, ಮನೆ ಕಾದವನು ಅಣ್ಣ, ಅವನ ಸಂಸಾರ ದೊಡ್ಡದು ಎಂದೆಲ್ಲ ಲೆಕ್ಕ ಹಾಕಿ ಬಂಡಿ ನಿಲ್ಲಿಸುವ ಎರಡಂಕಣವನ್ನು ತಮ್ಮನ ಪಾಲಿಗೆ ಹಾಕಿದರು. ಬಂಡಿಯನ್ನೂ ಕೊಟ್ಟರು. ಅದು ಮುರಿದಿತ್ತು. ಬೇರೆ ಯಾರಾದರೂ ಆಗಿದ್ದರೆ ಊರು ಹಾರಿಹೋಗುವಂತೆ ಜಗಳ ತೆಗೆಯುತ್ತಿದ್ದರು. ಮಡಿವಾಳೆಪ್ಪ ಮಾತ್ರ ಬಂಡಿಮನೆಯ ಒಳಗೆ ಹೋಗಿ, ಮೇಲೆ ಕೆಳಗೆ ನೋಡಿ, ಗೋಡೆ ಬಡಿದು, ನಗುನಗುತ್ತ ಹೊರಗೆ ಬಂದ.

“ಎರಡಂಕಣಾ ಅಂದ್ರ ಭಾಳ ಆತ್ರಿ. ಇದರ ಅರ್ಧದಾಗ ಎಂಟು ಮಂದಿ ಇದ್ವಿ ನಾವು.”

ಅವನು ಹೇಳಿದ್ದು ಮಚವೆಯ, ಸಮುದ್ರದ ಸರಕು ದೋಣಿಯ ಮಾತು. ಹದಿನಾರರ ವಯಸ್ಸಿನಲ್ಲಿ ಮೆಣಸಿನಕಾಯಿ ಹೇರಿದ ಬಂಡಿಗಳ ಜೊತೆ ಘಟ್ಟ ಇಳಿದು ಅಂಕೋಲೆಗೆ ಹೋದ ಮಡಿವಾಳೆಪ್ಪ ಅಲ್ಲಿ ಸಮುದ್ರ ನೋಡಿದ. ಬಂಡಿಗಳು ತಿರುಗಿ ಬಂದವು, ಅವನು ಬರಲಿಲ್ಲ. ಗುಲಾಮಹುಸೇನ ಎಂಬ ತಾಂಡೇಲನ, ಅಂದರೆ ದೋಣಿ ನಡೆಸುವ ಯಜಮಾನನ, ಹಾಯಿ ಮಚವೆಯಲ್ಲಿ ಅಡಿಗೆಯವನಾಗಿ ಸೇರಿ, ಆಮೇಲೆ ಹಗ್ಗ ಹಾಯಿ ಎಳೆಯುವ ಖಲಾಸಿಯಾಗಿ, ಹಂಚು ಕಟ್ಟಿಗೆ ತೆಂಗಿನಕಾಯಿ ಹೊತ್ತ ಆ ದೋಣಿಯಲ್ಲಿ ಮುಂಬಯಿಯವರೆಗೂ ಹೋಗಿ ಬಂದು ಮಾಡುತ್ತಿದ್ದ. ಮಳೆಗಾಲದಲ್ಲಿ ಮಚವೆಯನ್ನು ದಂಡೆಗೆ ಎಳೆದು ತೆಂಗಿನ ಗರಿ ಹೊದಿಸಿದ ಮೇಲೆ ಊರಿಗೆ ಬಂದು ಬಿತ್ತುತ್ತಿದ್ದ. ಹಾಗೆ ಬಂದಾಗಲೇ ಮದುವೆಯಾಯಿತು, ಮಗಳಾಯಿತು. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಉಪ್ಪುನೀರಿನ ಮೇಲೆ ಬಾಳುವೆ ಮಾಡುವ ಈ ಗಂಡಸನ್ನು ಊರು ‘ಮಚವಿ ಮಡಿವಾಳೆಪ್ಪ’ ಎಂದು ಕರೆದು ಕೈತೊಳೆದುಕೊಂಡಿತ್ತು. ಹೆದ್ದಾರಿಯ ಲಾರಿಗಳು ಸರಕನ್ನೆಲ್ಲ ಕಸಿದುಕೊಂಡ ಮೇಲೆ ತಾಂಡೇಲ ಮಚವೆ ಮಾರಿದ, ಇವನು ಘಟ್ಟ ಹತ್ತಿ ಬಂದ. ಬರುವಾಗ ತಂದಿದ್ದು ಒಂದು ಹಗ್ಗದ ಸಿಂಬಿ ಮತ್ತು ಒಂದು ತಲೆ ತುಂಬ ಮಚವೆ.

ಆ ತಲೆಯಲ್ಲಿದ್ದುದೆಲ್ಲ ಬಂಡಿಮನೆಗೆ ಇಳಿಯಿತು. ಮುರಿದ ಬಂಡಿಯ ಹಲಗೆ ಬಿಚ್ಚಿ ಗೋಡೆಗುಂಟ ಉದ್ದಕ್ಕೂ ಕಟ್ಟೆ ಮಾಡಿದ. ಮೇಲೆ ಕೂರಬಹುದು, ಹಲಗೆ ಎತ್ತಿದರೆ ಒಳಗೆ ಜೋಳದ ಚೀಲ. ಹೊರಸಿಗೆ ಒಂದು ಕಡೆ ಬಿಜಾಗರಿ ಬಡಿದು ಗೋಡೆಗೆ ಮಡಚಿ ನಿಲ್ಲಿಸಿದ. ಗೂಟ ಎಳೆದರೆ ಅದು ಹಾಸಿಗೆ, ಎಳೆಯದಿದ್ದರೆ ಗೋಡೆ. ಕೌದಿಗಳನ್ನೆಲ್ಲ ಹಳೆಯ ಗೋಣಿ ತಟ್ಟಿನಲ್ಲಿ ಸುತ್ತಿ ಜಂತಿಗೆ ಏರಿಸಿದ. ಹಗ್ಗ ಬಿಟ್ಟರೆ ಇಳಿಯುತ್ತಿದ್ದವು, ಜಗ್ಗಿದರೆ ಏರುತ್ತಿದ್ದವು. ಹಿತ್ತಾಳೆ ತಾಮ್ರದ ಭಾಂಡೆಗಳು ಒಂದರ ಹೊಟ್ಟೆಯಲ್ಲಿ ಒಂದು ಕೂತು ಹಲಗೆಯ ಕೆಳಗೆ ಮಾಯವಾದವು. ಬಾಯಿ ಸಣ್ಣದಿದ್ದ ಕೊಡಗಳಲ್ಲಿ ತೊಗರಿ, ಕಡಲೆ ತುಂಬಿ, ಬಾಯಿ ಕಟ್ಟಿ, ಒಲೆಯ ಹಿಂದಿನ ಕತ್ತಲಲ್ಲಿ ನೇತುಹಾಕಿದ. ಬಚ್ಚಲ ಕಲ್ಲಿನ ಮೇಲೂ ಒಂದು ಹಲಗೆ. ಎತ್ತಿದಾಗ ಬಚ್ಚಲು, ಇಳಿಸಿದಾಗ ನೆಲ.

“ಗಾಳಿ ಎದ್ದಾಗ ನೆಲದ ಮ್ಯಾಲಿದ್ದಿದ್ದೆಲ್ಲಾ ನಡ್ಯಾಕ ಹತ್ತತೈತಿ” ಎಂದು ವಿವರಿಸುತ್ತಿದ್ದ. “ಅದಕ್ಕ ನೆಲದ ಮ್ಯಾಲೆ ಮನಶಾರನ್ನ ಬಿಟ್ಟು ಏನೂ ಇಡಬಾರದು.”

“ದುಮ್ಮವಾಡದಾಗ ಯಾವ ಸಮುದ್ರದ ಗಾಳಿ ಏಳತೈತ್ರಿ?” ಎಂದು ಶಿವಗಂಗವ್ವ ಕೇಳುತ್ತಿದ್ದಳು. ಅವನು ನಕ್ಕು ಇನ್ನೊಂದು ಗೂಟ ಬಡಿಯುತ್ತಿದ್ದ, ಭಾಂಡೆ ಹೊರಗೆ ಬರಲಿಲ್ಲ.

ಶಿವಗಂಗವ್ವನ ಸಂಕಟ ಇದ್ದದ್ದು ಇಲ್ಲೇ. ಆ ಸೀಮೆಯಲ್ಲಿ ಮನೆತನ ಎಂದರೆ ಕಣ್ಣಿಗೆ ಕಾಣಬೇಕು. ನಡುಮನೆಯ ಗೋಡೆಗೆ ಚೀಲದ ಥಪ್ಪಿ ಹಚ್ಚಿರಬೇಕು. ಹುಣಸೆಹಣ್ಣು ಹಚ್ಚಿ ತಿಕ್ಕಿದ ಕೊಡಗಳು ಒಂದರ ಮೇಲೊಂದು ಮಾಡು ಮುಟ್ಟುವಂತೆ ನಿಂತಿರಬೇಕು. ಕೌದಿಗಳ ಒಟ್ಟಲು ನೋಡಿದವರು, ಈ ಮನೆಯಲ್ಲಿ ಎಷ್ಟು ಮಂದಿ ಬಂದರೂ ಹಾಸಿಗೆಗೆ ಕೊರತೆ ಇಲ್ಲ ಅನ್ನಬೇಕು. ಆಕೆಯ ತವರಿನಲ್ಲಿ ಹಾಗಿತ್ತು, ಎಂಟಂಕಣದಲ್ಲೂ ಹಾಗಿತ್ತು. ಈಗಲೂ ಅಷ್ಟೂ ಸಾಮಾನು ಇದೆ, ಕಾಣುವುದಿಲ್ಲ ಅಷ್ಟೇ. ಕಾಣದ ಹಿತ್ತಾಳೆಯನ್ನು ತಿಕ್ಕುವುದಾದರೂ ಯಾರಿಗಾಗಿ?

ಗುರುವಾರ ಬೆಳಗ್ಗೆ ಆಕೆ ಕೊನೆಯ ಸಲ ಕೇಳಿ ನೋಡಿದಳು.

“ಇವತ್ತೊಂದಿನರೆ ಕೊಡಾ, ಭಾಂಡೆ ತಗದು ಸಾಲಾಗಿ ಇಡೂಣ್ರಿ. ಬೀಗರ ಕಣ್ಣಿಗೆ ಮನಿ ಮನೀಹಂಗ ಕಾಣಲಿ.”

“ಇಡೂಣು. ಬೀಗರು ಎಲ್ಲಿ ಕುಂದರಬೇಕು?”

ಶಿವಗಂಗವ್ವ ನೆಲ ನೋಡಿದಳು. ಹೌದು, ಭಾಂಡೆ ಇಟ್ಟರೆ ಬೀಗರಿಲ್ಲ, ಬೀಗರು ಕೂತರೆ ಭಾಂಡೆಯಿಲ್ಲ. ಹಾಳಾಗಿ ಹೋಗಲಿ ಎಂದುಕೊಂಡು ಜಮಖಾನೆ ಹಾಸಿದಳು.

ಒಳಗಿನ ಮೂಲೆಯಲ್ಲಿ ಗಂಡ ತಿಂಗಳೊಪ್ಪತ್ತಿನಿಂದ ಕೊರೆದು ಬಡಿದು ಮಾಡಿದ್ದ ಬಾಣಂತಿಯ ಜಾಗವನ್ನಂತೂ ಆಕೆಗೆ ನೋಡಲೂ ಮನಸ್ಸಿರಲಿಲ್ಲ. ಮಚವೆಯಲ್ಲಿ ತಾಂಡೇಲನಿಗೊಬ್ಬನಿಗೇ ಇರುತ್ತಿದ್ದ ಮಲಗುವ ಗೂಡಿನಂತೆ, ಮೂರು ಕಡೆ ಗೋಡೆ ಹಲಗೆ, ಒಂದು ಕಡೆ ಮಡಚುವ ಬಾಗಿಲು, ಅದರ ಹಿಂದೆ ಪಡದೆ. “ಬಾಣಂತಿ ಕೋಣಿ ಮಾಡಿರೋ, ಸಂದೂಕ ಮಾಡಿರೋ?” ಎಂದು ಕೇಳಿ ಆಕೆ ಅತ್ತೂ ಇದ್ದಳು. ಬಾಗಿಲು ಮುಚ್ಚಿದರೆ ಅದೂ ಗೋಡೆಯಂತೆಯೇ ಕಾಣುತ್ತಿತ್ತು.

ಬಸ್ಸು ಬಂತು. ಬೀಗ ಕುಬೇರಪ್ಪ ಮುಂದೆ, ಹಿಂದೆ ಸಾವಿತ್ರೆವ್ವ. ಕುಬೇರಪ್ಪ ಹೆಸರಿಗೆ ತಕ್ಕಂತೆ ಇದ್ದವನು. ಎತ್ತರದ ಆಳು, ದೊಡ್ಡ ರುಮಾಲು, ಶಲವಡಿಯಲ್ಲಿ ಮೂರು ತಲೆಮಾರು ಒಟ್ಟಿಗಿರುವ ದೊಡ್ಡ ವಾಡೆಯ ಯಜಮಾನ. ಬಾಗಿಲಲ್ಲಿ ಬಗ್ಗಿ ಬಂದರೂ ರುಮಾಲು ಚೌಕಟ್ಟಿಗೆ ತಾಗಿತು. ಕಾಲಿಗೆ ನೀರು ಕೊಟ್ಟರು. ಜಮಖಾನೆಯ ಮೇಲೆ ಕೂಡಿಸಿದರು. ಮಡಿವಾಳೆಪ್ಪ ಗೋಡೆಯ ಗೂಡಿನಿಂದ ಒಂದೇ ಒಂದು ತಂಬಿಗೆ ತೆಗೆದು ಕುಡಿಯಲು ನೀರು ಕೊಟ್ಟ.

ಸಾವಿತ್ರೆವ್ವ ನೀರು ಕುಡಿಯುತ್ತ ತಂಬಿಗೆಯ ಅಂಚಿನ ಮೇಲಿಂದ ಮನೆಯನ್ನು ನೋಡಿದಳು. ಬರಿ ನೆಲ. ಬರಿ ಗೋಡೆ. ಮೂಲೆಯಲ್ಲಿ ಒಲೆ, ಅದರ ಮೇಲೆ ಚಹಾದ ಪಾತ್ರೆ, ಬಾಜುವಿಗೆ ಒಂದು ಡಾಲ್ಡಾ ಡಬ್ಬಿ. ಚೀಲವಿಲ್ಲ, ಕೊಡವಿಲ್ಲ, ಕೌದಿಯಿಲ್ಲ, ಮಲಗಲು ಒಂದು ಹೊರಸು ಸಹ ಇಲ್ಲ. ಆಕೆಯ ಕಣ್ಣು ನಿಧಾನವಾಗಿ ತಿರುಗಿ ಗಂಡನ ಕಣ್ಣನ್ನು ಹುಡುಕಿತು. ಕುಬೇರಪ್ಪನೂ ಅದನ್ನೇ ಕಂಡಿದ್ದ. ಇಬ್ಬರೂ ಒಮ್ಮೆಗೇ ತಲೆ ತಗ್ಗಿಸಿದರು.

ಶಿವಗಂಗವ್ವ ಆ ನೋಟವನ್ನು ಕಂಡಳು, ಆದರೆ ಅರ್ಥ ಮಾಡಿಕೊಳ್ಳಲಿಲ್ಲ. ಜಾಗ ಸಣ್ಣದಾಯಿತೆಂದು ಬೇಸರ ಮಾಡಿಕೊಂಡರು ಎಂದುಕೊಂಡು ಚಹಾ ಸೋಸಿದಳು.

“ಜಾಗಾ ತೋರಸ್ತೀನ್ರಿ ಬೀಗರ, ಮೊದಲ ಚಹಾ ಆಗಲಿ” ಎಂದ ಮಡಿವಾಳೆಪ್ಪ. ಅವನ ಮುಖದಲ್ಲಿ ಹಬ್ಬ ಕುಣಿಯುತ್ತಿತ್ತು. ತನ್ನ ಕೆಲಸ ತೋರಿಸಲು ಕಾದು ಕಾದು ಅವನಿಗೆ ಬೆಳಗಿನಿಂದ ಕೂತಲ್ಲಿ ಕೂರಲಾಗಿರಲಿಲ್ಲ.

ಕುಬೇರಪ್ಪ ಚಹಾದ ಬಟ್ಟಲು ಕೆಳಗಿಟ್ಟು ಅವನ ಕೈ ಹಿಡಿದುಕೊಂಡ.

“ಬೀಗರ, ನಮ್ಮನ್ನ ಹೊರಗಿನವರು ಅಂತ ತಿಳೀಬ್ಯಾಡ್ರಿ. ತ್ರಾಸು ಯಾರಿಗೆ ಬರೂದಿಲ್ಲ? ಪಾಲಿನಾಗ ನಿಮಗ ಅನ್ಯಾಯ ಆಗೇತಿ, ಅದೂ ಕೇಳೇವಿ. ನಾ ಊರಿಗೆ ಹೋದ ಕೂಡಲೇ ನಾಕ ಚೀಲ ಬಿಳೀಜ್ವಾಳಾ ಕಳಸ್ತೀನಿ. ಬ್ಯಾಡ ಅನಬಾರದು.”

ಮಡಿವಾಳೆಪ್ಪ ಒಂದು ಕ್ಷಣ ಯೋಚಿಸಿದ. ಅವನ ಕಣ್ಣು ಕಟ್ಟೆ, ಜಂತಿ, ಬಾಗಿಲ ಹಿಂಭಾಗ ಎಲ್ಲವನ್ನೂ ಸುತ್ತಿ ಬಂತು.

“ಕಳಸ್ರಿ” ಎಂದ. “ನಾಕ ಚೀಲಕ್ಕ ಜಾಗಾ ಮಾಡಬಹುದು.”

ಶಿವಗಂಗವ್ವನಿಗೆ ಆಗ ಹೊಳೆಯಿತು. ಹೊಳೆದದ್ದೇ ತಡ ಕಿವಿಯೆಲ್ಲ ಬಿಸಿಯಾಯಿತು. ಅಯ್ಯೋ ಶಿವನೇ, ಇವರು ತಮ್ಮನ್ನು ಗತಿಗೆಟ್ಟವರೆಂದು ತಿಳಿದಿದ್ದಾರೆ! ಮನೆಯಲ್ಲಿದ್ದುದನ್ನೆಲ್ಲ ಮಾರಿಕೊಂಡು ಉಂಡಿದ್ದಾರೆ ಎಂದುಕೊಂಡಿದ್ದಾರೆ! ಈ ಪುಣ್ಯಾತ್ಮ ಬೇರೆ ಕಾಳು ಕಳಿಸಿ ಅನ್ನುತ್ತಿದ್ದಾನೆ!

ಬಾಯಿ ತೆರೆಯುವಷ್ಟರಲ್ಲಿ ಸಾವಿತ್ರೆವ್ವ ಹತ್ತಿರ ಸರಿದು ಕೂತು ದನಿ ತಗ್ಗಿಸಿದಳು. ಆ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಶಿವಗಂಗವ್ವ ತಡೆದುಕೊಳ್ಳುತ್ತಿದ್ದಳೇನೋ. ಕೊಂಕಿಗೆ ಉತ್ತರ ಕೊಡಬಹುದು, ಕನಿಕರಕ್ಕೆ ಏನು ಕೊಡುವುದು?

“ಯಕ್ಕಾ, ಹುಡುಗಿ ನಮ್ಮಲ್ಲೇ ಇರಲಿ. ಬಾಣಂತನಾ ಅಂದ್ರ ಸಣ್ಣ ಮಾತಲ್ಲ. ಹಾಸಾಕ ಬೇಕು, ಹೊದಿಯಾಕ ಬೇಕು, ಎಣ್ಣಿ ತುಪ್ಪಾ ಬೇಕು. ನಿಮ್ಮ ಕಡೆ ಇಲ್ಲಂತ ನಾ ಯಾರ ಮುಂದನೂ ಅನ್ನೂದಿಲ್ಲ. ಏಳನೇ ತಿಂಗಳಿಗೆ ಬಸ್ಸಿನ ಪ್ರಯಾಣ ಬ್ಯಾಡಂದ್ವಿ ಅಂತ ಹೇಳ್ತೀನಿ. ತವರಿನ ಹೆಸರಿಗೆ ಕಪ್ಪು ಹತ್ತಗೊಡೂದಿಲ್ಲ ನಾ.”

ಶಿವಗಂಗವ್ವ ಎದ್ದು ನಿಂತಳು.

“ಇಲ್ಲ ಅಂದವ್ರ್ಯಾರು? ಏನಿಲ್ರಿ ನಮ್ಮ ಕಡೆ?” ಎಂದಳು. ಗೂಟಕ್ಕೆ ಸುತ್ತಿದ್ದ ಹಗ್ಗವನ್ನು ಕಿತ್ತು ಬಿಟ್ಟಳು.

ಜಂತಿಯಿಂದ ಕೌದಿಗಳ ಗಂಟು ಧಡಕ್ಕನೆ ಇಳಿದು ಬಿಚ್ಚಿಕೊಂಡು ಕುಬೇರಪ್ಪನ ರುಮಾಲನ್ನು ಮುಚ್ಚಿತು. ಅವನು ಅದರಿಂದ ತಲೆ ಹೊರಗೆ ಹಾಕುವಷ್ಟರಲ್ಲಿ ಶಿವಗಂಗವ್ವ ಕಟ್ಟೆಯ ಹಲಗೆ ಎತ್ತಿ ಗೋಡೆಗೆ ಬಡಿದಾಗಿತ್ತು. “ನೋಡ್ರಿ, ಇದು ಜ್ವಾಳಾ! ಇದು ಭತ್ತ! ಇದು ಶೇಂಗಾ!” ಮುಂದಿನ ಹಲಗೆಯ ಕೆಳಗಿಂದ ಹಂಡೆ ಹೊರಗೆ ಬಂತು, ಹಂಡೆಯಿಂದ ಬೋಗುಣಿ, ಬೋಗುಣಿಯಿಂದ ಪಾತೇಲಿ, ಪಾತೇಲಿಯಿಂದ ಗಂಗಾಳಗಳು, ಅದರೊಳಗಿಂದ ಬಟ್ಟಲುಗಳು. ಒಂದೊಂದನ್ನೂ ನೆಲಕ್ಕೆ ಕುಕ್ಕುತ್ತ ಹೋದಳು. ಒಲೆಯ ಹಿಂದಿನಿಂದ ತೊಗರಿಯ ಕೊಡ, ಕಡಲೆಯ ಕೊಡ, ಬೆಲ್ಲದ ಗಡಿಗೆ, ಮಗಳಿಗೆಂದೇ ವರ್ಷದಿಂದ ಕೂಡಿಟ್ಟ ಆಕಳ ತುಪ್ಪದ ಭರಣಿ. ಗೂಟ ಎಳೆದಾಗ ಗೋಡೆಯಿಂದ ಹೊರಸು ಬಿತ್ತು. ಸಾವಿತ್ರೆವ್ವ ಹಿಂದೆ ಸರಿದಳು. ಕುಬೇರಪ್ಪ ಅವಳ ಹಿಂದೆ ಸರಿದ. ಭಾಂಡೆಗಳು ಮುಂದೆ ಬಂದಷ್ಟೂ ಬೀಗರು ಹಿಂದೆ ಹೋಗುತ್ತ ಹೊಸ್ತಿಲು ದಾಟಿ ಹೊರಗಿನ ಅಂಗಳಕ್ಕೆ ಬಂದು ನಿಂತರು. ಅವರ ಹಿಂದೆ ಮಡಿವಾಳೆಪ್ಪ, ಕೊನೆಗೆ ತುಪ್ಪದ ಭರಣಿ ಹಿಡಿದುಕೊಂಡೇ ಶಿವಗಂಗವ್ವ. ಒಳಗೆ ಕಾಲಿಡಲು ಒಂದು ಗೇಣು ನೆಲ ಉಳಿದಿರಲಿಲ್ಲ.

ಓಣಿಯ ಹೆಂಗಸರು ನೀರಿನ ಕೊಡ ಹೊತ್ತು ನಿಂತು ನೋಡಿದರು. ಮನೆಯ ಸಾಮಾನೆಲ್ಲ ಒಳಗೆ, ಮನೆಯ ಮಂದಿಯೆಲ್ಲ ಹೊರಗೆ.

ಆಗ ಶಿವಗಂಗವ್ವನಿಗೆ ತಾನು ಮಾಡಿದ್ದೇನೆಂಬುದು ತಿಳಿಯಿತು. ಇದೆ ಎಂದು ತೋರಿಸಿದ್ದಾಯಿತು; ಹಿಡಿಸುವುದಿಲ್ಲ ಎಂದೂ ತಾನೇ ತೋರಿಸಿದ್ದಾಯಿತು. ಈ ಸಂತೆಯಲ್ಲಿ ಬಾಣಂತಿ ಎಲ್ಲಿ ಮಲಗಬೇಕು, ಕೂಸು ಎಲ್ಲಿ ಮಲಗಬೇಕು? ಸಿಟ್ಟು ಇಳಿದ ಜಾಗಕ್ಕೆ ಅಳು ಬಂತು. ಭರಣಿಯನ್ನು ಅವುಚಿಕೊಂಡು ಅಂಗಳದ ಕಲ್ಲಿನ ಮೇಲೆ ಕೂತು, ಬೀಗರ ಮುಂದೆ, ಓಣಿಯ ಮುಂದೆ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಮಗಳು ಬರುವುದಿಲ್ಲ. ಒಬ್ಬಳೇ ಮಗಳು, ಅವಳ ಮೊದಲ ಕೂಸು, ತನ್ನ ಕೈಯಿಂದ ಒಂದು ತಂಬಿಗೆ ಬಿಸಿನೀರು ಎರೆಯುವ ಭಾಗ್ಯವೂ ತನಗಿಲ್ಲ.

ಮಡಿವಾಳೆಪ್ಪ ಬೈಯಲಿಲ್ಲ. ಹೆಂಡತಿಯ ತಲೆಯ ಮೇಲೆ ಒಮ್ಮೆ ಕೈಯಿಟ್ಟು ತೆಗೆದ.

“ಆಗತೈತಿ ಒಮ್ಮೊಮ್ಮೆ” ಎಂದ. “ರತ್ನಾಗಿರಿ ಹಂತ್ಯಾಕ ಗಾಳಿಗೆ ಸಿಕ್ಕಾಗ ನಮ್ಮದೂ ಹಿಂಗ ಆಗಿತ್ತು. ಬೀಗರ, ನೀವೀಟು ಬಾಗಲದಾಗ ನಿಂತು ಒಂದೊಂದ ನನ್ನ ಕೈಯಾಗ ಕೊಡ್ರಿ.”

ವಾಡೆಯ ಯಜಮಾನ ಅಷ್ಟು ವರ್ಷದಲ್ಲಿ ಒಂದು ಚರಿಗೆ ಎತ್ತಿಟ್ಟವನಲ್ಲ. ಆದರೂ ರುಮಾಲು ತೆಗೆದು ಕಲ್ಲಿನ ಮೇಲಿಟ್ಟು ಬಾಗಿಲಲ್ಲಿ ನಿಂತ. ಮಡಿವಾಳೆಪ್ಪ ಒಳಗೆ ಹೊರಸಿನ ಮೇಲೆ ಹತ್ತಿ ಅಲ್ಲಿಂದಲೇ ಕೈ ಚಾಚಿದ. “ಮೊದಲ ದೊಡ್ಡೂ. ಹಾಂ, ಹಂಡೆ. ಈಗ ಬೋಗುಣಿ. ಗಂಗಾಳ ಆಮ್ಯಾಲೆ, ಆಮ್ಯಾಲೆ!” ಕುಬೇರಪ್ಪ ಎರಡು ಸಲ ತಪ್ಪು ಮಾಡಿ ಬೈಸಿಕೊಂಡ, ಮೂರನೆಯ ಸಲದಿಂದ ಕೇಳದೆಯೇ ಸರಿಯಾದದ್ದನ್ನು ಕೊಡತೊಡಗಿದ. ಅವನ ಮುಖದ ಮೇಲೆ ಚಿಣಿಕೋಲು ಆಡುವ ಹುಡುಗನ ಹುರುಪು ಬಂದಿತ್ತು. ಭಾಂಡೆಗಳು ಬಂದ ದಾರಿಯಲ್ಲೇ ಒಳಗೆ ಹೋದವು. ಹೊರಸು ಗೋಡೆಯಾಯಿತು. ಕೌದಿಗಳು ಮೇಲೇರಿದವು. ನೆಲ ಮತ್ತೆ ಕಂಡಿತು, ಜಮಖಾನೆಯೂ ಸಿಕ್ಕಿತು.

ಸಾವಿತ್ರೆವ್ವ ಹೊಸ್ತಿಲಲ್ಲಿ ನಿಂತು ಇದನ್ನೆಲ್ಲ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಎಲ್ಲ ಮುಗಿದ ಮೇಲೆ, “ಇಷ್ಟೆಲ್ಲಾ ಇಟ್ಟ ಮ್ಯಾಲೆ ಬಾಣಂತೀನ್ನ ಎಲ್ಲಿ ಇಡತೀರಿ?” ಎಂದು ಕೇಳಿದಳು. ಈಗ ದನಿಯಲ್ಲಿ ಕನಿಕರ ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು.

ಮಡಿವಾಳೆಪ್ಪ ಒಳಮೂಲೆಗೆ ಹೋಗಿ ಹಲಗೆಯ ಬಾಗಿಲು ಮಡಚಿ, ಪಡದೆ ಸರಿಸಿದ.

ಒಬ್ಬರು ಆರಾಮಾಗಿ ಕಾಲು ಚಾಚಿ ಮಲಗುವಷ್ಟು ಜಾಗ. ಎತ್ತರದ ಹಲಗೆಯ ಮಂಚದ ಕೆಳಗೆ ತಗಡು ಬಡಿದು ಉಸುಕು ತುಂಬಿದ ಪೆಟ್ಟಿಗೆ. ಅಗ್ಗಿಷ್ಟಿಗೆಯ ಕೆಂಡ ಅಲ್ಲಿರುತ್ತದೆ, ಕಾವು ಹಲಗೆಯ ಸಂದಿಯಿಂದ ಬೆನ್ನಿಗೆ ಬರುತ್ತದೆ, ಹೊಗೆ ಹೋಗಲು ಮೇಲೆ ಒಂದು ಹಂಚು ಸರಿಸಿದೆ. ತಲೆಯ ಬಳಿ ಎಣ್ಣೆ ಬಟ್ಟಲು, ನೀರು, ಅರಿವೆ ಇಡಲು ಗೂಡುಗಳು, ಎಲ್ಲವೂ ಮಲಗಿದಲ್ಲಿಂದಲೇ ಕೈಗೆ ಸಿಗುವಂತೆ. ತೊಲೆಯಿಂದ ತೊಟ್ಟಿಲು ಇಳಿಬಿಡುವ ಕೊಂಡಿ. ಅದರ ಹಗ್ಗದ ತುದಿ ಬಾಣಂತಿಯ ಕಾಲಬೆರಳಿಗೆ ಎಟುಕುವಂತಿತ್ತು.

ಸಾವಿತ್ರೆವ್ವ ಹಲಗೆಯ ಮೇಲೆ ಕೈಯಾಡಿಸಿದಳು. ಒಂದು ಕಡೆಯೂ ಸಿಬಿರು ಏಳಲಿಲ್ಲ.

“ಮಲಗಿ ನೋಡಲೇನ್ರಿ? ಬೆನ್ನಿಗೆ ಒತ್ತತೈತೋ ಏನೋ” ಎಂದಳು. ಹೆಣ್ಣು ಕೊಟ್ಟವರ ಮನೆಯಲ್ಲಿ ಹಗಲುಹೊತ್ತಿನಲ್ಲಿ ಬೀಗತಿ ಮಲಗುವುದು ಯಾವ ಊರಿನ ರೀತಿಯೂ ಅಲ್ಲ. ಆದರೆ ಪರೀಕ್ಷೆ ಎಂದ ಮೇಲೆ ಪರೀಕ್ಷೆ. ಶಿವಗಂಗವ್ವ ಕಣ್ಣೊರೆಸಿಕೊಂಡು ಎದ್ದು ಬಂದು, ಎರಡು ಕೌದಿ ಹಾಸಿ, ಕಾವು ಹೇಗೆ ಬರುತ್ತದೆ ತಿಳಿಯಲೆಂದು ಒಲೆಯ ನಾಲ್ಕು ಕೆಂಡಗಳನ್ನು ಪೆಟ್ಟಿಗೆಗೆ ಹಾಕಿದಳು. ಸಾವಿತ್ರೆವ್ವ ಬಳೆ ಸರಿಸಿಕೊಂಡು ಒಳಗೆ ಸೇರಿದಳು. ಗಂಡಸರು ಕಾಣುತ್ತಾರೆಂದು ಪಡದೆ ಎಳೆದುಕೊಂಡಳು.

ಮೂವರೂ ಹೊರಗೆ ಕೂತು ಕಾದರು. ಕುಬೇರಪ್ಪ ಮಚವೆಯ ಬಗ್ಗೆ ಒಂದು ಮಾತು ಕೇಳಿದ, ಮಡಿವಾಳೆಪ್ಪ ಹತ್ತು ಹೇಳಿದ. ಪಡದೆಯ ಹಿಂದಿನಿಂದ ಒತ್ತುತ್ತದೆ ಎಂಬ ಮಾತೂ ಇಲ್ಲ, ಒತ್ತುವುದಿಲ್ಲ ಎಂಬ ಮಾತೂ ಇಲ್ಲ.

“ಯಕ್ಕಾ?” ಎಂದಳು ಶಿವಗಂಗವ್ವ.

ಒಳಗಿಂದ ಉಸಿರಾಟದ ಸಣ್ಣ ಸದ್ದು ಬಂತು. ನಡುನಡುವೆ ಗೊರಕೆಯೂ ಸೇರಿಕೊಂಡಿತು.

ಕುಬೇರಪ್ಪ ಎದ್ದು ನಿಂತು ಪಡದೆಯನ್ನೇ ನೋಡಿದ. ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. “ಇಕಿ ಹಗಲಿನಾಗ ಮಲಗಿದ್ದು ನಾ ನೋಡೇ ಇಲ್ರಿ” ಎಂದ. ಮತ್ತೆ ಕೂತುಕೊಂಡು, “ರಾತ್ರಿ ಯಾವಾಗ ಮಲಗತಾಳೋ, ಅದನ್ನೂ ನೋಡಿಲ್ಲ ನೋಡ್ರಿ” ಎಂದ.

ಊಟದ ಹೊತ್ತು ಮೀರಿತು. ಶಿವಗಂಗವ್ವ ಗಂಡಸರಿಗೆ ಮಾತ್ರ ಬಡಿಸಿದಳು. ಹೋಳಿಗೆಯನ್ನು ಕುಬೇರಪ್ಪ ಸದ್ದಿಲ್ಲದೆ ಉಂಡ. ಹುಬ್ಬಳ್ಳಿಗೆ ತಿರುಗಿ ಹೋಗುವ ಬಸ್ಸು ಊರ ಹೊರಗೆ ಬಂದು ನಿಂತು ಹಾರ್ನು ಹೊಡೆಯಿತು. ಶಲವಡಿ ಮುಟ್ಟಬೇಕಾದರೆ ಅದೇ ಕೊನೆಯ ಬಸ್ಸು. ಶಿವಗಂಗವ್ವ ಪಡದೆಯತ್ತ ಕೈ ಚಾಚಿದಳು.

“ಬ್ಯಾಡ್ರಿ” ಎಂದ ಕುಬೇರಪ್ಪ. “ಹೋಗಲಿ ಅದು.”

ಬಸ್ಸು ಇನ್ನೊಮ್ಮೆ ಕೂಗಿ ಹೋಯಿತು. ಮಡಿವಾಳೆಪ್ಪ ಬೀಗನನ್ನು ಕರೆದುಕೊಂಡು ಹೊಲದ ಕಡೆ ನಡೆದ.

ದನಗಳು ಮನೆಗೆ ಬರುವ ಹೊತ್ತಿಗೆ ಪಡದೆ ಅಲುಗಿತು. ಶಿವಗಂಗವ್ವ ನೀರಿನ ತಂಬಿಗೆ ಹಿಡಿದು ಹೋದಳು. ಸಾವಿತ್ರೆವ್ವ ಎದ್ದು ಕೂತಿದ್ದಳು, ಕೆಳಗೆ ಇಳಿದಿರಲಿಲ್ಲ. ಕೂದಲು ಕೆದರಿತ್ತು, ಕೌದಿಯ ಹೊಲಿಗೆಯ ಗುರುತು ಕೆನ್ನೆಯ ಮೇಲೆ ಮೂಡಿತ್ತು.

“ಬಸ್ಸು?”

“ಹೋತ್ರಿ. ಬೀಗರು ಎಬ್ಬಸಬ್ಯಾಡ್ರಿ ಅಂದ್ರು.”

“ಅವರಂದ್ರು?” ಸಾವಿತ್ರೆವ್ವ ನಂಬದವಳಂತೆ ನೋಡಿದಳು. ನೀರು ಕುಡಿದಳು. ತಂಬಿಗೆಯನ್ನು ತಲೆಯ ಬಳಿಯ ಗೂಡಿನಲ್ಲಿಟ್ಟಳು. ಶಿವಗಂಗವ್ವ ಮಂಚದ ಅಂಚಿಗೆ ಕೂತುಕೊಂಡಳು. ಇಬ್ಬರು ಕೂರಲು ಅಲ್ಲಿ ಹೇಗೋ ಜಾಗವಾಯಿತು.

“ನಮ್ಮವ್ವ ನಾ ಸಣ್ಣಾಕಿ ಇದ್ದಾಗನ ಹೋದ್ಲು ಯಕ್ಕಾ. ನನಗ ತವರಿಲ್ಲ. ಐದೂ ಹಡದಿದ್ದು ವಾಡೇದಾಗನ.” ಸಾವಿತ್ರೆವ್ವ ನಿಧಾನವಾಗಿ ಹೇಳುತ್ತಿದ್ದಳು. “ಅಷ್ಟು ದೊಡ್ಡ ಮನಿ. ಆದ್ರ ನಂದು ಅನ್ನೂದು ಒಂದು ಮೂಲಿ ಇಲ್ಲ. ಚೀಲದ ಖೋಲ್ಯಾಗ ನನ್ನ ಹೊರಸು ಹಾಕಿದ್ರು. ಜ್ವಾಳಾ ಅಳ್ಯಾಕ ಬರಾವ್ರು, ಬೀಜಾ ಒಯ್ಯಾಕ ಬರಾವ್ರು, ಆಳು ಕಾಳು ಎಲ್ಲಾರೂ ಬರಾವ್ರ. ಕೂಸಿಗೆ ಮಲೀ ಕೊಡಬೇಕಾದ್ರ ಗ್ವಾಡೀಗೆ ಮಾರಿ ಮಾಡಿ ಕುಂದರತಿದ್ದೆ. ಯಾರರೆ ಬಂದ್ರು ಅಂದ್ರ ಕೂಸಿನ ಬಾಯಿಂದ ಕಸಗೊಂಡು ಸೆರಗು ಮುಚ್ಕೋಬೇಕು. ಮೂರನೇದು ಹಂಗ ಹಸದ ಹಸದ ಸೊರಗಿ ಹೋತು.”

ಶಿವಗಂಗವ್ವ ಬೀಗತಿಯ ಕೈಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಬೆಳಗಿನಿಂದ ಈ ಹೆಂಗಸಿಗೆ ಎಷ್ಟು ಹೆದರಿದ್ದೆನಲ್ಲ ಎಂದುಕೊಂಡಳು.

“ಕಸ್ತೂರೀಗೂ ಅದ ಖೋಲೀನ ಸುಣ್ಣಾ ಬಳಿಸಿ ಇಟ್ಟಿದ್ದೆ ನಾ” ಎಂದಳು ಸಾವಿತ್ರೆವ್ವ. “ಮೊನ್ನೆ ನಿಂತು ನಾನ ಬಳಿಸೇನಿ.”

ಹೊರಗೆ ಗಂಡಸರ ಮಾತು ಕೇಳಿಸಿತು. ಹೊಲದಿಂದ ತಿರುಗಿ ಬಂದಿದ್ದರು. ಸಾವಿತ್ರೆವ್ವ ಪಡದೆಯ ಹಿಂದಿನಿಂದಲೇ ದನಿ ಏರಿಸಿದಳು.

“ಕೇಳ್ರಿ. ಬರೂ ಸೋಮವಾರ ಹುಡುಗೀನ್ನ ಕಳಸೂಣು. ಐದು ತಿಂಗಳು ಆಗೂಮಟಾ ಕರ್ಯಾಕ ಬರೂದಿಲ್ಲ ನಾವು.”

“ಐದು?” ಅಂಗಳದಿಂದ ಕುಬೇರಪ್ಪನ ದನಿ. “ಕಳಸಿದರೂ ಮೂರು ಸಾಕು ಅಂದಿದ್ದಿ ನೀ.”

“ಐದು.”

ಶಿವಗಂಗವ್ವ ತುಂಬಿಬಂದ ಕಣ್ಣನ್ನು ಸೆರಗಿನಿಂದ ಒರೆಸಿಕೊಂಡಳು. ಆಮೇಲೆ, “ಏಳ್ರಿ ಯಕ್ಕಾ, ಬೆಳಗಿನಿಂದ ಒಂದು ತುತ್ತು ಉಂಡಿಲ್ಲ ನೀವು” ಎಂದಳು.

“ಇನ್ನೊಂದೀಟು” ಎಂದಳು ಸಾವಿತ್ರೆವ್ವ. ಸಣ್ಣ ಹುಡುಗಿ ಕೇಳಿದಂತಿತ್ತು. ಕೌದಿ ಎಳೆದುಕೊಂಡು ಗೋಡೆಯ ಕಡೆ ಹೊರಳಿದಳು.

ಶಿವಗಂಗವ್ವ ಒಲೆಯ ಮುಂದೆ ಬಂದು ಕೂತು, ನಾದಲು ತೆಗೆದಿಟ್ಟಿದ್ದ ಜೋಳದ ಹಿಟ್ಟನ್ನು ನೋಡಿದಳು. ಬೀಗರಿಗೆ ರೊಟ್ಟಿಯಿಲ್ಲದ ಊಟ ಹಾಕಿದರೆಂದು ಶಲವಡಿಯವರೆಗೂ ಸುದ್ದಿಯಾದೀತು. ಆಗಲಿ. ರೊಟ್ಟಿ ಬಡಿಯುವ ಸಪ್ಪಳಕ್ಕೆ ಬೀಗತಿಗೆ ಎಚ್ಚರವಾಗಬಾರದೆಂದು ಹಿಟ್ಟನ್ನು ಮುಚ್ಚಿಟ್ಟು ಅನ್ನಕ್ಕಿಟ್ಟಳು.